ಕ್ರಾಂತಿಯ ಮುಖಗಳನ್ನು ಕಾಪಿಟ್ಟ ಚಾರ್ಲ್ಸ್ ಪೀಲ್

ಅಮೆರಿಕದ ಸ್ವಾತಂತ್ರ್ಯ ಸಮರದ ನಾಯಕರ ಮುಖಗಳು ಇಂದು ಜಗತ್ತಿಗೆ ಪರಿಚಿತವಾಗಿದ್ದರೆ ಅದರಲ್ಲಿ ಕುದುರೆ ಜೀನು ಹೊಲಿಯುವ ಕಸುಬಿನಿಂದ ಬದುಕು ಆರಂಭಿಸಿದ ಚಿತ್ರಕಾರನೊಬ್ಬನ ಪಾಲು ದೊಡ್ಡದು. ಆತನೇ ಚಾರ್ಲ್ಸ್ ವಿಲ್ಸನ್ ಪೀಲ್. ಕ್ರಾಂತಿಯಲ್ಲಿ ಹೋರಾಡಿದ ಆತ, ಅದರ ನೆನಪನ್ನು ಜನಸಾಮಾನ್ಯರ ಮುಂದಿಡಲು ವಸ್ತುಸಂಗ್ರಹಾಲಯವನ್ನೂ ಕಟ್ಟಿದ.

1741ರ ಏಪ್ರಿಲ್ 15ರಂದು ಮೇರಿಲ್ಯಾಂಡ್‌ನಲ್ಲಿ ಜನಿಸಿದ ಪೀಲ್, ಶಿಕ್ಷಕನಾಗಿದ್ದ ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡ. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. ಹದಿಹರೆಯದಲ್ಲೇ ಜೀನು ತಯಾರಕನ ಬಳಿ ಕೆಲಸಕ್ಕೆ ಸೇರಿದ ಪೀಲ್, ಮುಂದೆ ಸ್ವಂತ ಅಂಗಡಿ ತೆರೆದು ಸಾಲದಲ್ಲಿ ಮುಳುಗಿದ. ಜೀನೊಂದನ್ನು ಕೊಟ್ಟು ಜಾನ್ ಹೆಸೀಲಿಯಸ್ ಎಂಬ ಕಲಾವಿದನಿಂದ ಚಿತ್ರಕಲೆಯ ಪಾಠ ಹೇಳಿಸಿಕೊಂಡ. ಅನಾಪೊಲಿಸ್‌ನ ಗಣ್ಯರು ಹಣ ಕೂಡಿಸಿ ಆತನನ್ನು ಲಂಡನ್‌ಗೆ ಕಳುಹಿಸಿದರು. ಅಲ್ಲಿ ಬೆಂಜಮಿನ್ ವೆಸ್ಟ್ ಬಳಿ ಅಭ್ಯಾಸ ಮಾಡಿ 1769ರಲ್ಲಿ ಮರಳಿದ. 1772ರಲ್ಲಿ ಜಾರ್ಜ್ ವಾಷಿಂಗ್ಟನ್‌ನನ್ನು ಎದುರು ಕಂಡು ಆತ ರಚಿಸಿದ ಭಾವಚಿತ್ರ, ವಾಷಿಂಗ್ಟನ್‌ನ ಅಂಥ ಚಿತ್ರಗಳಲ್ಲೇ ಅತ್ಯಂತ ಹಳೆಯದು.

1776ರಲ್ಲಿ ಫಿಲಡೆಲ್ಫಿಯಾದಲ್ಲಿ ನೆಲೆಸಿದ ಪೀಲ್ ನಾಗರಿಕ ಪಡೆಗೆ ಸೇರಿದ. ಅದೇ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಸೈನ್ಯ ಡೆಲವೇರ್ ನದಿ ದಾಟಿ ಹಿಮ್ಮೆಟ್ಟಿತು. ದಡಕ್ಕೆ ಬಂದಿಳಿದವರಲ್ಲಿ ಕೊಳಕು ಉಡುಪಿನ, ಮುಖವೆಲ್ಲ ಹುಣ್ಣಾದ ಸೈನಿಕನೊಬ್ಬನಿದ್ದ. ಆತ ತನ್ನ ಸ್ವಂತ ತಮ್ಮ ಜೇಮ್ಸ್ ಎಂಬುದು ಪೀಲ್‌ಗೆ ಮೊದಲ ನೋಟಕ್ಕೆ ತಿಳಿಯಲಿಲ್ಲ. 1777ರ ಜನವರಿ 3ರ ಪ್ರಿನ್ಸ್‌ಟನ್ ಕಾಳಗದಲ್ಲಿ ಪೀಲ್ ತನ್ನ ತುಕಡಿಯೊಂದಿಗೆ ಹೋರಾಡಿದ. ಶಿಬಿರಗಳಲ್ಲಿ ಸೇನಾಧಿಕಾರಿಗಳ ಪುಟ್ಟ ಭಾವಚಿತ್ರಗಳನ್ನೂ ರಚಿಸಿದ.

1782ರಲ್ಲಿ ಮನೆಗೆ ಹೊಂದಿಕೊಂಡಂತೆ ಕಟ್ಟಿಸಿದ ಚಿತ್ರಶಾಲೆಯಲ್ಲಿ ಕ್ರಾಂತಿವೀರರ ಭಾವಚಿತ್ರಗಳನ್ನು ಪ್ರದರ್ಶಿಸಿದ. 1786ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ಬೆಳೆಯಿತು. ಗೋಡೆಯ ಮೇಲ್ಭಾಗದಲ್ಲಿ ನಾಯಕರ ಚಿತ್ರಗಳು, ಕೆಳಗೆ ಪ್ರಭೇದಾನುಸಾರ ಜೋಡಿಸಿದ ಪಕ್ಷಿಗಳು. 1799ರಲ್ಲಿ ಪೀಲ್ ನಿಸರ್ಗ ಶಾಸ್ತ್ರದ ಸಾರ್ವಜನಿಕ ಉಪನ್ಯಾಸಮಾಲೆಯನ್ನೂ ಆರಂಭಿಸಿದ. 1801ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ, ಆನೆಯನ್ನು ಹೋಲುವ ಅಳಿದುಹೋದ ಮ್ಯಾಸ್ಟೊಡಾನ್ ಪ್ರಾಣಿಯ ಮೂಳೆಗಳನ್ನು ಅಗೆದು ತೆಗೆಸಿದ. ಮರುವರ್ಷ ಸಂಗ್ರಹವು ಸ್ವಾತಂತ್ರ್ಯ ಘೋಷಣೆ ಅಂಗೀಕಾರಗೊಂಡ ಕಟ್ಟಡಕ್ಕೇ ಸ್ಥಳಾಂತರಗೊಂಡಿತು. ಪ್ರಜೆಗಳ ಅರಿವು ಬೆಳೆಯದೆ ಗಣರಾಜ್ಯ ಉಳಿಯದೆಂಬುದು ಪೀಲ್‌ನ ನಂಬಿಕೆಯಾಗಿತ್ತು.

ಆದರೆ ಸ್ವಾತಂತ್ರ್ಯದ ಈ ಉಪಾಸಕನ ಮನೆಯಲ್ಲೇ ಗುಲಾಮರಿದ್ದರು. ಪೀಲ್ ಸದಸ್ಯನಾಗಿದ್ದ ಪೆನ್ಸಿಲ್ವೇನಿಯಾ ಶಾಸನಸಭೆಯೇ 1780ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ರದ್ದುಪಡಿಸುವ ಕಾಯ್ದೆ ತಂದಿತು. ಆತನ ಮನೆಯಲ್ಲಿದ್ದ ಗುಲಾಮ ದಂಪತಿಗೆ 1786ರಲ್ಲಿ ಬಿಡುಗಡೆ ದೊರೆತರೂ ಅವರ ಮಗ ಮೋಸೆಸ್ ವಿಲಿಯಮ್ಸ್ 1802ರವರೆಗೆ ಕಾಯಬೇಕಾಯಿತು. ಬಳಿಕ ಆತ ಅದೇ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರ ಪಾರ್ಶ್ವಮುಖಗಳನ್ನು ಕಾಗದದಲ್ಲಿ ಕತ್ತರಿಸಿಕೊಡುತ್ತಿದ್ದ. ಒಂದೇ ವರ್ಷದಲ್ಲಿ ಅಂಥ ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳು ಸಿದ್ಧವಾದವು. ಆ ದುಡಿಮೆಯಿಂದ ಸ್ವಂತ ಮನೆಯನ್ನೂ ಕೊಂಡ. ಆದರೆ ಚಿತ್ರಗಳ ಮೇಲೆ ಒತ್ತಿದ ಮುದ್ರೆ ಸಂಗ್ರಹಾಲಯದ್ದು. ಕತ್ತರಿಸಿದವನ ಹೆಸರು ಅಲ್ಲಿರಲಿಲ್ಲ.

ಸಂಗ್ರಹಾಲಯವನ್ನು ರಾಷ್ಟ್ರೀಯ ಸಂಸ್ಥೆಯಾಗಿಸಬೇಕೆಂಬ ಪೀಲ್‌ನ ಆಸೆ ಕೈಗೂಡಲಿಲ್ಲ. ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ಸ್ನೇಹವಿದ್ದರೂ ಸರ್ಕಾರದ ಅನುದಾನ ಬರಲಿಲ್ಲ. 1827ರ ಫೆಬ್ರುವರಿ 22ರಂದು, ವಾಷಿಂಗ್ಟನ್‌ನ ಜನ್ಮದಿನದಂದೇ, ಪೀಲ್ ನಿಧನನಾದ. ಎರಡು ದಶಕಗಳ ನಂತರ ಸಂಗ್ರಹ ಹರಿದು ಹಂಚಿಹೋಯಿತು. ಮ್ಯಾಸ್ಟೊಡಾನ್ ಅಸ್ಥಿಪಂಜರ ಜರ್ಮನಿಯ ಡಾರ್ಮ್‌ಸ್ಟಾಟ್ ಸೇರಿತು. 1854ರ ಹರಾಜಿನಲ್ಲಿ ಫಿಲಡೆಲ್ಫಿಯಾ ನಗರಾಡಳಿತ ಅನೇಕ ಭಾವಚಿತ್ರಗಳನ್ನು ಕೊಂಡುಕೊಂಡದ್ದರಿಂದ ಅವು ಉಳಿದುಕೊಂಡವು.

ಇಂದು ಆ ನಗರದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಸಂಗ್ರಹದಲ್ಲಿರುವ ಈ ಚಿತ್ರಗಳ ಜತೆಗೆ ಮೋಸೆಸ್ ವಿಲಿಯಮ್ಸ್‌ನ ಕತೆಯನ್ನೂ ಇತಿಹಾಸಕಾರರು ಹೇಳುತ್ತಿದ್ದಾರೆ. ಪೀಲ್ ಕಟ್ಟಿದ ಸಂಗ್ರಹಾಲಯದ ಚರಿತ್ರೆ ಇವರಿಬ್ಬರ ಬದುಕನ್ನೂ ಸೇರಿಸಿಕೊಂಡಾಗಲೇ ಪೂರ್ಣವಾಗುತ್ತದೆ.