ಹೈದರಾಲಿಯೂ ಸಮುದ್ರವೂ

ಹೈದರಾಲಿಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಕುದುರೆಯ ದಂಡು. ಹರಪನಹಳ್ಳಿಯ ಪಾಳೆಯಗಾರರಿಂದ ಕಪ್ಪ ಪಡೆದ, 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರನನ್ನು ನಮ್ಮ ಇಟ್ಟಿಗಿಯ ಕಡೆಯವರೆಲ್ಲರೂ ಬಲ್ಲರು. ಆತನು ಯುದ್ಧದ ಹಡಗುಗಳನ್ನೂ ಕಟ್ಟಿಸಿದನೆಂಬ ಸಂಗತಿಯು ತುಂಗಭದ್ರೆಯ ಹರಿಗೋಲನ್ನಷ್ಟೇ ಕಂಡ ನನಗೆ ಹೊಸದಾಗಿ ತೋರಿತು.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರನಿಗೆ ಓದುಬರಹ ಬಾರದು. ಸಾಮಾನ್ಯ ಸವಾರನಾಗಿ ಮೈಸೂರಿನ ದಂಡಿನಲ್ಲಿ ಮೇಲೇರಿ, 1761ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡನು. 1763ರಲ್ಲಿ ಬಿದನೂರನ್ನು ಗೆದ್ದಾಗ ಬೊಕ್ಕಸದೊಡನೆ ಮಂಗಳೂರಿನ ಬಂದರೂ ಆತನದಾಯಿತು. ಬೊಕ್ಕಸವನ್ನು ಎಲ್ಲರೂ ಹೊಗಳುತ್ತಾರೆ; ನನಗಂತೂ ಬಂದರೇ ದೊಡ್ಡದೆನಿಸುತ್ತದೆ. ಅಲ್ಲಿ ಆತನು ಹಡಗು ಕಟ್ಟಿಸತೊಡಗಿದನು. 1768ರಲ್ಲಿ ಮುಂಬಯಿಯಿಂದ ಬಂದ ಕಂಪನಿಯ ಪಡೆಯು ಊರನ್ನೂ ಹಡಗುಗಳನ್ನೂ ಹಿಡಿಯಿತು. ಊರು ಕೆಲವೇ ತಿಂಗಳಲ್ಲಿ ಮರಳಿ ಬಂದಿತು. ಹೈದರನು ಎದೆಗುಂದದೆ ಮತ್ತೆ ಹಡಗು ಕಟ್ಟಿಸಿದನು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಒಂದು ದಂಡೇ ಮೈಸೂರಿಗೆ ಸೋತಿತು. ಆದರೆ ಅದೇ ಡಿಸೆಂಬರಿನಲ್ಲಿ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರಿಗೆ ಬಂದು, ಲಂಗರು ಹಾಕಿದ್ದ ಮೈಸೂರಿನ ಹಡಗುಗಳನ್ನು ನಾಶಮಾಡಿದನು. ಅವನ ಮುಖ್ಯ ನೌಕೆ ‘ಸೂಪರ್ಬ್’ 1760ರಲ್ಲಿ ಥೇಮ್ಸ್ ದಡದ ಡೆಪ್ಟ್‌ಫರ್ಡಿನಲ್ಲಿ ನೀರಿಗಿಳಿದ 74 ತೋಪುಗಳ ಹಡಗು. ಹಲವು ವರ್ಷಗಳ ದುಡಿಮೆ ಹೀಗೆ ಹಾಳಾಯಿತು.

ಇದಕ್ಕಿಂತ ಕಹಿಯಾದುದು 1781ರ ಫೆಬ್ರವರಿ. ಇಂಗ್ಲಿಷ್ ಸೇನಾಪತಿ ಐರ್ ಕೂಟನು ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದನು. ನೆಲದ ದಾರಿಗಳನ್ನು ಹೈದರನು ಕಟ್ಟಿದ್ದರಿಂದ ಕೂಟನ ದಂಡಿಗೆ ಅಕ್ಕಿ ಬರಬೇಕಾದರೆ ಕಡಲೊಂದೇ ದಾರಿ. ಹ್ಯೂಸನು ಪಶ್ಚಿಮ ಕರಾವಳಿಯಲ್ಲಿದ್ದನು. ಅಷ್ಟರಲ್ಲಿ ಡಾರ್ವ್ ಎಂಬ ಫ್ರೆಂಚ್ ನೌಕಾಧಿಪತಿಯು ಹಡಗುಗಳೊಡನೆ ಎದುರಿನ ಕಡಲಿಗೇ ಬಂದನು. ಕೆಲವು ವಾರ ನಿಲ್ಲೆಂದು ಹೈದರನು ಬೇಡಿದನು. ಡಾರ್ವನು ನಿಲ್ಲದೆ ಮಾರಿಷಸ್ಸಿಗೆ ಹೊರಟುಹೋದನು. ಕಡಲ ದಾರಿ ತೆರೆಯಿತು, ದವಸ ಬಂದಿತು, ಜುಲೈ 1ರಂದು ಪೋರ್ಟೋ ನೋವೋದಲ್ಲಿ ಕೂಟನು ಹೈದರನನ್ನು ಸೋಲಿಸಿದನು. ತನ್ನದೇ ಹಡಗುಗಳು ಆ ಕಡಲಲ್ಲಿದ್ದಿದ್ದರೆ ಆತನು ಪರರನ್ನು ಬೇಡಬೇಕಾಗಿತ್ತೆ?

1782ರಲ್ಲಿ ಬಂದ ಸಫ್ರೆನ್ ಬೇರೆಯೇ ತರದ ಫ್ರೆಂಚನು. ಹ್ಯೂಸನೊಡನೆ ಐದು ಸಲ ಸೆಣಸಿದನು. ಆ ಜುಲೈಯಲ್ಲಿ ಕಡಲೂರಿನ ಬಳಿ ಹೈದರನು ಅವನನ್ನು ಬಲು ಆದರದಿಂದ ಬರಮಾಡಿಕೊಂಡನು. ಆಗಲೇ ಹೈದರನ ಆರೋಗ್ಯ ಕೆಡುತ್ತಿತ್ತು. ಬೆನ್ನಿನ ವ್ರಣದಿಂದ ನರಳಿ, ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು.

‘ಸೂಪರ್ಬ್’ ಹಡಗೂ ಇಂಗ್ಲೆಂಡಿಗೆ ಮರಳಲಿಲ್ಲ. 1783ರ ನವೆಂಬರಿನಲ್ಲಿ, ಮಂಗಳೂರಿನ ದಕ್ಷಿಣಕ್ಕಿರುವ ತಲಶ್ಶೇರಿಯ ಕಡಲಿನಲ್ಲಿ ಒಡೆದುಹೋಯಿತು.