ಶುದ್ಧ ಆಹಾರದ ಹರಿಕಾರ ಹಾರ್ವೆ ವೈಲಿ

ಹಾಲು ಕೆಡದಂತೆ ಫಾರ್ಮಾಲ್ಡಿಹೈಡ್, ಮಾಂಸಕ್ಕೆ ಬೊರಾಕ್ಸ್, ಜೇನುತುಪ್ಪದ ಹೆಸರಿನಲ್ಲಿ ಗ್ಲೂಕೋಸ್ ಪಾಕ. 19ನೇ ಶತಮಾನದ ಅಂತ್ಯದಲ್ಲಿ ಅಮೆರಿಕದ ಮಾರುಕಟ್ಟೆಯ ಸ್ಥಿತಿ ಇದಾಗಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಸಮಗ್ರ ಆಹಾರ ಕಾಯ್ದೆ ಇರಲಿಲ್ಲ. ಈ ಕೊರತೆ ನೀಗಲು ಬದುಕನ್ನೇ ಮುಡಿಪಾಗಿಟ್ಟವರು ರಸಾಯನ ವಿಜ್ಞಾನಿ ಹಾರ್ವೆ ವಾಷಿಂಗ್ಟನ್ ವೈಲಿ.

ಇಂಡಿಯಾನಾ ರಾಜ್ಯದ ರೈತ ಕುಟುಂಬದಲ್ಲಿ 1844ರ ಅಕ್ಟೋಬರ್ 18ರಂದು ಜನಿಸಿದ ವೈಲಿ, 1871ರಲ್ಲಿ ವೈದ್ಯ ಪದವಿ ಪಡೆದರೂ ಒಲಿದದ್ದು ರಸಾಯನ ವಿಜ್ಞಾನಕ್ಕೆ. 1874ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದರು. 1878ರಲ್ಲಿ ಜರ್ಮನಿಗೆ ತೆರಳಿ ಸಕ್ಕರೆಯ ವಿಶ್ಲೇಷಣೆಯಲ್ಲಿ ಪರಿಣತಿ ಪಡೆದರು. ಮರಳಿದ ಬಳಿಕ ಜೇನು ಮತ್ತು ಸಿಹಿ ಪಾಕಗಳನ್ನು ಪರೀಕ್ಷಿಸಿ, ಕಲಬೆರಕೆಯನ್ನು ಬಯಲಿಗೆಳೆದರು. 1883ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮುಖ್ಯ ರಸಾಯನ ವಿಜ್ಞಾನಿಯಾದರು.

ಕಾಯ್ದೆಗಾಗಿ ಮಂಡಿಸಿದ ಮಸೂದೆಗಳು ಒಂದರ ಹಿಂದೊಂದು ಸೋಲು ಕಂಡಾಗ ವೈಲಿ ಬೇರೆ ದಾರಿ ಹಿಡಿದರು. 1902ರಲ್ಲಿ 12 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಮುಂದೆ ಬಂದರು. ಬೊರಾಕ್ಸ್, ಸ್ಯಾಲಿಸಿಲಿಕ್ ಆಮ್ಲ, ಫಾರ್ಮಾಲ್ಡಿಹೈಡ್ ಮುಂತಾದವನ್ನು ಅವರಿಗೆ ಊಟದೊಂದಿಗೆ ನೀಡಿ, ದೇಹದ ಮೇಲಾಗುವ ಪರಿಣಾಮವನ್ನು ದಾಖಲಿಸಲಾಯಿತು. ಪತ್ರಿಕೆಗಳು ಅವರನ್ನು ವಿಷ ದಳವೆಂದು ಕರೆದವು. ಇಂದಿನ ಮಾನದಂಡಗಳಲ್ಲಿ ಇಂತಹ ಪ್ರಯೋಗಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಆದರೆ ತಟ್ಟೆಯಲ್ಲಿರುವ ರಾಸಾಯನಿಕದ ಬಗ್ಗೆ ಜನಸಾಮಾನ್ಯರು ಯೋಚಿಸುವಂತಾಯಿತು.

ಮಹಿಳಾ ಸಂಘಟನೆಗಳು ಬೆಂಬಲಕ್ಕೆ ನಿಂತವು. ಷಿಕಾಗೊ ಕಸಾಯಿಖಾನೆಗಳ ದುಸ್ಥಿತಿ ಕುರಿತ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿ ಜನಾಕ್ರೋಶ ಹೆಚ್ಚಿಸಿತು. 1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. ಮನುಷ್ಯರು ಮಾತ್ರವಲ್ಲದೆ ಪ್ರಾಣಿಗಳು ತಿನ್ನುವ ಪದಾರ್ಥವೂ ಆಹಾರವೇ ಎಂಬುದು ಅದರ ವ್ಯಾಖ್ಯಾನವಾಗಿತ್ತು.

ಕಾಯ್ದೆ ಬಂದರೂ ಹೋರಾಟ ಮುಗಿಯಲಿಲ್ಲ. ಸ್ಯಾಕರಿನ್, ಬೆಂಜೋಯೇಟ್‌ಗಳ ವಿಚಾರದಲ್ಲಿ ವೈಲಿ ಅವರಿಗೆ ಉದ್ಯಮಿಗಳಷ್ಟೇ ಅಲ್ಲ, ರೂಸ್‌ವೆಲ್ಟ್ ಅವರೊಂದಿಗೂ ಭಿನ್ನಾಭಿಪ್ರಾಯ ಉಂಟಾಯಿತು. ಅವರ ತೀರ್ಮಾನಗಳನ್ನು ಪರಿಶೀಲಿಸಲು ತಜ್ಞರ ಪ್ರತ್ಯೇಕ ಮಂಡಳಿ ನೇಮಕವಾಯಿತು. ಅವರ ಎಲ್ಲ ನಿಲುವುಗಳನ್ನೂ ನಂತರದ ವಿಜ್ಞಾನ ಎತ್ತಿಹಿಡಿಯಲಿಲ್ಲ. ಬೆಂಜೋಯೇಟ್ ಇಂದಿಗೂ ಮಿತ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಆದರೆ ಸುರಕ್ಷತೆಯನ್ನು ಸಾಬೀತುಪಡಿಸದೆ ರಾಸಾಯನಿಕ ಬೆರೆಸಬಾರದೆಂಬ ಅವರ ಮೂಲ ವಾದ ಮುಂದೆ ಕಾನೂನಾಗಿ ನೆಲೆಯೂರಿತು.

ಇಲಾಖೆಯೊಳಗಿನ ಜಗ್ಗಾಟದಿಂದ ಬೇಸತ್ತು 1912ರಲ್ಲಿ ರಾಜೀನಾಮೆ ನೀಡಿದ ವೈಲಿ, ಬಳಿಕ ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ಪ್ರಯೋಗಾಲಯದ ಮೂಲಕ ಗ್ರಾಹಕರ ಪರ ಕೆಲಸ ಮುಂದುವರಿಸಿದರು. 1930ರ ಜೂನ್ 30ರಂದು, ಕಾಯ್ದೆಗೆ ಸಹಿಬಿದ್ದ 24 ವರ್ಷಗಳಿಗೆ ಸರಿಯಾಗಿ, ನಿಧನರಾದರು. ಅವರು ಕಟ್ಟಿ ಬೆಳೆಸಿದ ವಿಭಾಗವೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ಬೇರು.

ಭಾರತದಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ. ಅದರ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಆಹಾರದ ವ್ಯಾಖ್ಯಾನದಿಂದ ಪಶು ಆಹಾರವನ್ನು ಹೊರಗಿಟ್ಟಿತು. ಬೂಷ್ಟು ಹಿಡಿದ ಹಿಂಡಿಯಲ್ಲಿನ ಅಫ್ಲಾಟಾಕ್ಸಿನ್ ವಿಷದ ಅಂಶ ಹಸುವಿನ ಹಾಲಿನ ಮೂಲಕ ಮನೆಯ ಮಕ್ಕಳ ಲೋಟವನ್ನೂ ತಲುಪಬಲ್ಲದು. ಕೊಟ್ಟಿಗೆಯ ಮೇವನ್ನೂ ಅಡುಗೆಮನೆಯ ಊಟವನ್ನೂ ಒಂದೇ ಕಾಯ್ದೆಯಡಿ ತಂದ 1906ರ ವಿವೇಕ ಇಲ್ಲಿಗೂ ಪ್ರಸ್ತುತ.