ಪಾದ್ರಿ ಮಂಗಳೂರಲ್ಲಿ, ಪೇಪರ್ರು ಬಳ್ಳಾರಿಯಲ್ಲಿ

ಹೊಸಪೇಟೆ-ಬಳ್ಳಾರಿ ಬಸ್ಸು ಪಾಪಿನಾಯಕನಹಳ್ಳಿಯಲ್ಲಿ ನಿಂತಾಗ ಒಬ್ಬರ ಕೈಲಿರೋ ಪೇಪರ್ರಿಗೆ ಮೂವರು ಕತ್ತು ಚಾಚೋದು ಹೊಸದೇನಲ್ಲ. ಆದರೆ ಕನ್ನಡದ ಮೊದಲ ಪೇಪರ್ರು ಹುಟ್ಟಿದ ಮರುವರ್ಷವೇ ಈ ಸೀಮೆಗೆ ಬಂದಿತ್ತು, ಅದನ್ನ ಹುಟ್ಟಿಸಿದವರು ಜರ್ಮನಿಯ ಒಬ್ಬ ಪಾದ್ರಿ ಅನ್ನೋದು ಪಿ.ಕೆ.ಹಳ್ಳಿಯ ಎಷ್ಟು ಅಂಗಡಿಕಟ್ಟೆಗಳಿಗೆ ಗೊತ್ತು?

ಹೆಸರು ಹರ್ಮನ್ ಮೊಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್ ಊರಲ್ಲಿ. 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂದ ಕೆಲಸದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಕ್ರಿಸ್ತನ ಮತ ಸಾರಬೇಕು, ಅಷ್ಟೆ. ಆದರೆ ಸಂತೆಯಲ್ಲಿ ನಿಂತು ನಿಮ್ಮ ದೇವರು ಸುಳ್ಳು ಅಂತ ಶುರು ಹಚ್ಚಿಕೊಂಡರೆ ಕೇಳೋಕೆ ಯಾರು ನಿಲ್ತಾರೆ? ಗಿರಾಕಿಯನ್ನ ಬೈದು ವ್ಯಾಪಾರ ಮಾಡಿದ ಅಂಗಡಿಯವನು ಎಲ್ಲಾದರೂ ಉಂಟೇ?

ಮೊಗ್ಲಿಂಗ್ ಹಿಡಿದ ದಾರಿ ಬೇರೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟಿತು. ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು, ಕಲ್ಲಚ್ಚಿನ ಮುದ್ರಣ. ಊರಿನ ವರ್ತಮಾನ, ಕಂಪನಿ ಸರಕಾರದ ಕಾನೂನು, ನಿರೂಪ, ಪರರಾಜ್ಯದ ಸುದ್ದಿ, ಕಥೆ, ಗಾದೆ. ಇಷ್ಟಕ್ಕೇ ನಿಲ್ಲಲಿಲ್ಲ. ಪಾದ್ರಿಯ ಪೇಪರ್ರಿನಲ್ಲಿ ಪುರಂದರದಾಸರ ಪದ! ಮತದ ಮಾತು ಇರಲೇ ಇಲ್ಲ ಅಂತಲ್ಲ. ಆದರೆ ಓದುಗನಿಗೆ ಮೊದಲು ಬೇಕಾದ್ದನ್ನ ಕೊಟ್ಟು, ಆಮೇಲೆ ತಮ್ಮ ಮಾತು. ದುಡ್ಡು ಕೊಟ್ಟು ಕೊಂಡವನು ಹಾಳೆ ಹರಿದು ಹಾಕದ ಹಾಗೆ ಬರೆಯೋದು ಅವರಿಗೆ ಗೊತ್ತಿತ್ತು.

ಕಲ್ಲಚ್ಚಿನ ಕೆಲಸ ಅಂದರೆ ಪ್ರತಿ ಅಕ್ಷರವನ್ನೂ ಕೈಯಲ್ಲೇ ಬರೀಬೇಕು. ಬಳ್ಳಾರಿಯಲ್ಲೋ ಆಗಲೇ ಮೊಳೆ ಜೋಡಿಸಿ ಅಚ್ಚು ಹಾಕೋ ಛಾಪಖಾನೆ ಇತ್ತು. 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕೂತು, ಕನ್ನಡ ಬೈಬಲ್ಲಿಗೆ ಕೈ ಹಾಕಿದ್ದರು. ಹೀಗಾಗಿ 1844ರಲ್ಲಿ ಪೇಪರ್ರು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಹೆಸರೂ ‘ಕನ್ನಡ ಸಮಾಚಾರ’ ಆಯಿತು. ಒಂದು ಊರಿನ ಹೆಸರು ಹೋಗಿ ಇಡೀ ನಾಡಿನ ಹೆಸರು ಬಂತು. ಪೇಪರ್ರು ಮಾತ್ರ ಬಹುಕಾಲ ಬಾಳಲಿಲ್ಲ.

ಅದೇ 1844ರಲ್ಲಿ ಮಂಗಳೂರಲ್ಲಿ ದೊಡ್ಡ ಗಲಾಟೆ. ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ ಇನ್ನೂ ಕೆಲವರ ಜೊತೆ ಕ್ರೈಸ್ತನಾದ. ಊರಿಗೆ ಊರೇ ಪಾದ್ರಿಗಳ ಮೇಲೆ ತಿರುಗಿಬಿತ್ತು. ಹೆತ್ತವರ ಸಂಕಟ ಸಣ್ಣದೇ? ಬರವಣಿಗೆಯಲ್ಲಿ ಎಷ್ಟೇ ಮೆತ್ತಗಿದ್ದರೂ, ಮನೆಯ ಮಗ ಮತ ಬಿಟ್ಟು ಹೋದ ಅಂದಾಗ ಆ ನೋವಿಗೆ ಮೊಗ್ಲಿಂಗರ ಬಳಿ ಯಾವ ಮದ್ದೂ ಇರಲಿಲ್ಲ. ಅವರು ಹಿಂದೆ ಸರಿದವರೂ ಅಲ್ಲ. ಈ ದೇಶದ ದೇವರು, ಜಾತಿ ಬಗ್ಗೆ ಅವರ ಅಭಿಪ್ರಾಯ ಕೊನೆತನಕ ಖಡಕ್ಕಾಗೇ ಇತ್ತು. ಇದನ್ನ ಮುಚ್ಚಿಟ್ಟು ಅವರನ್ನ ಹೊಗಳಿದರೆ ಅರ್ಧ ಮನುಷ್ಯನನ್ನ ಮಾತ್ರ ತೋರಿಸಿದ ಹಾಗೆ.

ಆದರೂ ಇದೇ ಮನುಷ್ಯ 1848ರಿಂದ ಹಳೇ ಓಲೆಗರಿ ಹುಡುಕಿಸಿ, ನಕಲು ಮಾಡಿಸಿ, ಕನ್ನಡ ಕಾವ್ಯಗಳನ್ನ ಅಚ್ಚು ಹಾಕಿಸೋಕೆ ನಿಂತರು. ಖರ್ಚಿಗೆ ಹಣ ಕೊಟ್ಟವರು ಕಾಸಾಮೇಜರ್ ಅನ್ನೋ ನಿವೃತ್ತ ಜಡ್ಜ್ ಸಾಹೇಬರು. ಜೈಮಿನಿ ಭಾರತ ಬಂತು, ಬಸವಪುರಾಣ ಬಂತು, ದಾಸರ ಪದಗಳು ಬಂದವು. ಹಂಪಿಯ ತುಂಗಭದ್ರೆ ದಂಡೆಯಲ್ಲಿ ಇವತ್ತಿಗೂ ಪುರಂದರದಾಸರ ಮಂಟಪ ಅಂತ ಜನ ತೋರಿಸ್ತಾರಲ್ಲ, ಅದೇ ದಾಸರು. ಬಾಯಿಂದ ಬಾಯಿಗೆ ಬಂದ ಆ ಪದಗಳನ್ನ ಮೊದಮೊದಲು ಪುಸ್ತಕ ಮಾಡಿದ್ದು ಶಿಲುಬೆ ಹಿಡಿದು ಬಂದ ಪಾದ್ರಿ. ಇದರಲ್ಲಿ ಸ್ವಾರ್ಥ ಇರಲಿಲ್ವಾ ಅಂದರೆ ಇತ್ತು. ಹೊಸ ಪಾದ್ರಿಗಳು ಜನರ ಕನ್ನಡ ಕಲೀಬೇಕಿತ್ತು, ಜನ ಯಾವ ಮಾತಿಗೆ ತಲೆದೂಗ್ತಾರೆ ಅಂತ ತಿಳೀಬೇಕಿತ್ತು. ಆದರೆ ಕೆಲಸ ಆ ಸ್ವಾರ್ಥಕ್ಕಿಂತ ದೊಡ್ಡದಾಗಿ ಬೆಳೀತು.

1853ರಲ್ಲಿ ಕೊಡಗಿಗೆ ಹೋದರು. ಜೊತೆಗಾರ ಪಾದ್ರಿ ವೈಗ್ಲೆ ತೀರಿಕೊಂಡ ಮೇಲೆ ಆತನ ವಿಧವೆ ಪೌಲಿನಾಳನ್ನ ಮದುವೆಯಾಗಿ ನಾಲ್ಕು ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಸ್ವದೇಶಕ್ಕೆ ಮರಳಿದರು, ಮತ್ತೆ ಈ ಕಡೆ ಬರಲಿಲ್ಲ.

ಅವರು ಹೋದ ಎರಡೇ ವರ್ಷಕ್ಕೆ, 1862ರಲ್ಲಿ, ಅದೇ ಮಿಷನ್ನಿನ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನ ಕನ್ನಡದ ಛಂದಸ್ಸಿನಲ್ಲೇ ಕಟ್ಟಿ ‘ಕಥಾಮಾಲೆ’ ತಂದರು. ನಿಘಂಟಿನ ಕಿಟ್ಟೆಲ್ ಅಂದರೆ ಎಲ್ಲರಿಗೂ ಗೊತ್ತು. ಮೊಗ್ಲಿಂಗ್ ಮಾತ್ರ ಜುಲೈ 1ರ ಪತ್ರಿಕಾ ದಿನದ ಭಾಷಣಗಳಲ್ಲಿ ವರ್ಷಕ್ಕೊಮ್ಮೆ ನೆನಪಾಗ್ತಾರೆ. 1881ರ ಮೇ 10ರಂದು ಎಸ್ಲಿಂಗನ್ ಊರಲ್ಲಿ ಅವರು ತೀರಿಕೊಂಡಾಗ ಎಪ್ಪತ್ತಕ್ಕೆ ಹತ್ತೊಂಬತ್ತು ದಿನ ಬಾಕಿ ಇತ್ತು.